ಕೆಂಪು ಶಾಲಿನ ಹೊಲಿಗೆ

ಅವಳ ಕೆಲಸ ಚೆನ್ನಾಗಿ ಆದಾಗ ಅವಳ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಕೆಟ್ಟಾಗ ಮಾತ್ರ ಜಗತ್ತೆಲ್ಲ ಕೂಡಿ ಉಗಿಯುತ್ತಿತ್ತು, ಅದೂ ಯಾರಿಗೆ ಉಗಿಯುತ್ತಿದ್ದೇವೆಂದು ಗೊತ್ತಿಲ್ಲದೆ. ಅಂಥ ಕಸುಬಿನಲ್ಲಿ ಅರ್ಧ ಆಯಸ್ಸು ಸವೆಸಿದ ಹೆಂಗಸು ಅವಳು.

ಆಫೀಸಿನಲ್ಲಿ ಅವಳಿಗೆ ಟೈಲರಕ್ಕ ಎಂದು ಹೆಸರು ಬಿದ್ದಿತ್ತು. ಬಟ್ಟೆ ಹೊಲಿಯುತ್ತಿದ್ದಳೆಂದಲ್ಲ. ದೊಡ್ಡ ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್‌ಗಳನ್ನು, ಕೈಯಲ್ಲಿ ಹಿಡಿದು ಆಡುವ ಚಿಕ್ಕ ಕನ್ಸೋಲಿಗೆ ಇಳಿಸಿಕೊಡುವುದು ಅವಳ ಕೆಲಸ. ಪೋರ್ಟ್ ಮಾಡುವುದು ಎನ್ನುತ್ತಾರೆ. ಆರಡಿ ಗಂಡಸಿನ ಕೋಟನ್ನು ಶಾಲೆಗೆ ಹೋಗುವ ಮಗುವಿಗೆ ಸರಿಹೊಂದಿಸಬೇಕು. ಗುಂಡಿ, ಜೇಬು, ಕಾಲರ್ ಎಲ್ಲವೂ ಇದ್ದ ಹಾಗೇ ಇರಬೇಕು. ಕತ್ತರಿ ಆಡಿದ್ದು ಮಾತ್ರ ಯಾರಿಗೂ ಕಾಣಬಾರದು.

ನಿಜವಾಗಿ ಬಟ್ಟೆ ಸರಿಮಾಡುತ್ತಿದ್ದವರು ಅವಳ ಅಮ್ಮ. ರೆಡಿಮೇಡ್ ಅಂಗಡಿಯೊಂದರ ಹಿಂಬಾಗಿಲ ಪಕ್ಕ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೆಷಿನ್ ಹಾಕಿಕೊಂಡು, ಕಂಡವರ ಸೊಂಟ ಕಿರಿದು ಮಾಡುತ್ತ, ತೋಳು ಮೊಟಕು ಮಾಡುತ್ತ ಇಬ್ಬರು ಮಕ್ಕಳನ್ನು ಸಾಕಿದವರು. "ಹೊಲಿಗೆ ಕಾಣಿಸ್ತಾ, ನಿನ್ನ ಕೆಲಸ ಕೆಟ್ಟಿತು ಅಂತ ತಿಳ್ಕೋ" ಎಂದು ಮಗಳಿಗೆ ಹೇಳುತ್ತಿದ್ದರು. ಮಗಳು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಬೆಳೆದಳು.

ಎರಡನೆಯ ಮಗು ಅವಳ ತಮ್ಮ. ಮನೆಯಲ್ಲಿ ಪುಟ್ಟ. ಚಿಕ್ಕಂದಿನಲ್ಲಿ ಇಬ್ಬರಿಗೂ ಸೇರಿ ಯಾರೋ ಆಡಿ ಬಿಟ್ಟ ಹಳೆಯ ಕನ್ಸೋಲ್ ಒಂದಿತ್ತು. ಆಟದಲ್ಲಿ ಸೋತಾಗಲೆಲ್ಲ ಪುಟ್ಟ ಅದನ್ನು ನೆಲಕ್ಕೆ ಕುಕ್ಕುತ್ತಿದ್ದ. ಸ್ಕ್ರೂ ಬಿಚ್ಚಿ, ಒಳಗೆ ಊದಿ, ಸಡಿಲ ತಂತಿ ಹುಡುಕಿ ಮತ್ತೆ ಜೀವ ತುಂಬುತ್ತಿದ್ದವಳು ಅಕ್ಕ. ಇಬ್ಬರ ಕಸುಬೂ ಶುರುವಾದದ್ದು ಅಲ್ಲಿಂದಲೇ. ಅವಳು ಪೋರ್ಟ್ ಮಾಡುವವಳಾದಳು. ಅವನು ವಿಮರ್ಶಕನಾದ.

ಸಾಮಾನ್ಯ ವಿಮರ್ಶಕನಲ್ಲ. ದೊಡ್ಡ ಗೇಮ್ ಪತ್ರಿಕೆಯಲ್ಲಿ ಅವನು 'ಗರಗಸ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಹೆಸರಿಗೆ ತಕ್ಕ ಹಲ್ಲು. ಅವನು ಹೊಗಳಿದ್ದನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಕೊಯ್ದದ್ದನ್ನು ಮಾತ್ರ ಜನ ಒಬ್ಬರಿಗೊಬ್ಬರು ಕಳಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಓದುಗರಿಗೆ ರಕ್ತ ಬೇಕಿತ್ತು. ರಕ್ತ ಯಾರದು ಎಂದು ಕೇಳುವ ಅಭ್ಯಾಸ ಓದುಗರಿಗೆ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ.

ಅಕ್ಕ ಯಾವ ಆಟದ ಮೇಲೆ ಕೆಲಸ ಮಾಡುತ್ತಾಳೆಂಬುದು ತಮ್ಮನಿಗೆ ಗೊತ್ತಿರಲಿಲ್ಲ. ಈ ದಂಧೆಯ ಕಟ್ಟಳೆಯೇ ಹಾಗೆ. ಆಟ ಮುಗಿದ ಮೇಲೆ ಪರದೆಯ ಮೇಲೆ ಹರಿಯುವ ಹೆಸರುಗಳಲ್ಲಿ ಮೂಲ ಕಂಪನಿಯ ಕಾಫಿ ತಂದವನ ಹೆಸರೂ ಇರುತ್ತದೆ, ಪೋರ್ಟ್ ಮಾಡಿದವರದ್ದು ಇರುವುದಿಲ್ಲ. ಆಟ ಆ ಕಂಪನಿಯ ಕಾರ್ಖಾನೆಯಿಂದಲೇ ಚಿಕ್ಕದಾಗಿ ಹುಟ್ಟಿ ಬಂತೆಂದು ಜನ ನಂಬಬೇಕು. ಮನೆಯಲ್ಲೂ ಬಾಯಿ ಬಿಡುವುದಿಲ್ಲವೆಂದು ಅವಳು ಸಹಿ ಹಾಕಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಯಿತು.

ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ರೂಮು. ಕೆಳಗಿನಿಂದ ಹತ್ತಿಯ ಧೂಳು ಎದ್ದುಬಂದು ಕಂಪ್ಯೂಟರುಗಳ ಮೇಲೆ ಕೂರುತ್ತಿತ್ತು. ಮೂವರು ಜನ. ಟೈಲರಕ್ಕ, ಗೊಂಬೆಗಳ ಕೈಕಾಲಿನ ಚಲನೆ ನೋಡಿಕೊಳ್ಳುವ ಗುಂಡ, ಬೆಂಕಿಕಡ್ಡಿಯಷ್ಟು ತೆಳ್ಳಗಿದ್ದದ್ದಕ್ಕೆ ಆ ಹೆಸರು, ಸದ್ದುಗಳನ್ನು ನೋಡಿಕೊಳ್ಳುವ ಕಿವುಡ, ಕಿವಿಯಿಂದ ಹೆಡ್‌ಫೋನ್ ತೆಗೆಯದೆ ಕರೆದಾಗ ಓಗೊಡದವನು.

ಆ ಸಲ ಬಂದದ್ದು ಅನಿಮೆ ಎನ್ನುವ ಜಪಾನಿ ಕಾರ್ಟೂನ್ ಶೈಲಿಯ ಕಡಿದಾಟದ ಗೇಮ್. ದೊಡ್ಡ ಕಣ್ಣಿನ, ಗೇಣುದ್ದದ ರೆಪ್ಪೆಯ ಹುಡುಗಿ ತನಗಿಂತ ಉದ್ದದ ಕತ್ತಿ ಹಿಡಿದು ಮಣ್ಣಿನ ಸೈನಿಕರ ಹಿಂಡಿಗೆ ನುಗ್ಗುತ್ತಾಳೆ. ಒಂದು ಬೀಸಿಗೆ ನೂರಾರು ತಲೆ ಹಾರಬೇಕು. ಕಥೆ ಅಷ್ಟೇ. ಆದರೆ ಅವಳ ಕೊರಳಲ್ಲಿ ನೆಲ ಮುಟ್ಟುವ ಕೆಂಪು ಶಾಲಿತ್ತು. ದೊಡ್ಡ ಕನ್ಸೋಲಿನಲ್ಲಿ ಆ ಶಾಲಿನ ಒಂದೊಂದು ಮಡಿಕೆಯನ್ನೂ ಯಂತ್ರವೇ ಲೆಕ್ಕ ಹಾಕಿ ಹಾರಿಸುತ್ತಿತ್ತು. ಚಿಕ್ಕ ಕನ್ಸೋಲಿಗೆ ಆ ಶಕ್ತಿ ಎಲ್ಲಿ ಬರಬೇಕು? ಶಾಲು ಹಾರಿಸಲು ಹೋದರೆ ಸೈನಿಕರು ನಿಂತಲ್ಲೇ ನಿಂತರು. ಸೈನಿಕರನ್ನು ನಡೆಸಿದರೆ ಶಾಲು ಸತ್ತಿತು.

"ಶಾಲೇ ಕಿತ್ತು ಹಾಕೋಣ ಬಿಡಕ್ಕ. ಸೆಕೆ ಅಂತ ತೆಗೆದಿಟ್ಟಳು ಅನ್ನೋಣ" ಎಂದ ಗುಂಡ.

"ಮುಚ್ಕೊಂಡು ಕೆಲಸ ಮಾಡು. ಆ ಶಾಲಿಲ್ಲದೆ ಆ ಹುಡುಗಿ ಯಾರು ಹೇಳು? ಬರೀ ಕಟುಕಿ."

ಟೈಲರಕ್ಕ ಶಾಲನ್ನು ಪಟ್ಟಿಪಟ್ಟಿಯಾಗಿ ಬಿಚ್ಚಿದಳು. ಹುಡುಗಿ ಓಡಿದರೆ ಹೀಗೆ, ತಿರುಗಿದರೆ ಹೀಗೆ, ಕತ್ತಿ ಎತ್ತಿದರೆ ಹೀಗೆ ಎಂದು ಗುಂಡನ ಕೈಯಿಂದ ಒಂದೊಂದು ಅಲೆಯನ್ನೂ ಬರೆಸಿದಳು. ಒಂದು ಅಲೆಯಿಂದ ಇನ್ನೊಂದಕ್ಕೆ ಜಾರುವ ಜಾಗವನ್ನು ತಾನೇ ಹೊಲಿದಳು. ಯಂತ್ರ ಲೆಕ್ಕ ಹಾಕುತ್ತಿರಲಿಲ್ಲ, ಹಾಕಿದಂತೆ ಕಾಣುತ್ತಿತ್ತು. ಕಿವುಡ ಮೊದಲ ಸಲ ಅದನ್ನು ನೋಡಿದಾಗ ಹೆಡ್‌ಫೋನ್ ತೆಗೆದ. ಆ ರೂಮಿನಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ.

ಆದರೆ ಶಾಲು ಸರಿಯಾಗುವ ಹೊತ್ತಿಗೆ ಕನ್ಸೋಲಿಗೆ ಸಿಕ್ಕಿಸುವ ಆಟದ ಕಾರ್ಡುಗಳು ಅಚ್ಚಾಗಿ ಹೋಗಿದ್ದವು. ಆಟದ ಮೂಲ ಕಂಪನಿಗೆ ಬಿಡುಗಡೆಯ ತಾರೀಖು ಮುಖ್ಯ. ಅರೆಬೆಂದ ಆಟವನ್ನೇ ಕಾರ್ಡಿಗೆ ತುಂಬಿ ಪೆಟ್ಟಿಗೆ ಕಟ್ಟಿದರು. ಬೆಂದದ್ದನ್ನು ಆಮೇಲೆ ನೆಟ್ ಮೂಲಕ ಅಪ್‌ಡೇಟ್ ಆಗಿ ಕಳಿಸುವುದು. ಕೊಂಡವನು ಕನ್ಸೋಲನ್ನು ನೆಟ್‌ಗೆ ಜೋಡಿಸಿದರೆ ಅದು ತಾನಾಗಿ ಇಳಿಯುತ್ತದೆ. ಎಲ್ಲರೂ ಹೀಗೇ ಮಾಡುತ್ತಾರೆ, ಹಾಗಾಗಿ ಅದನ್ನು ಯಾರೂ ತಪ್ಪೆನ್ನುವುದಿಲ್ಲ.

ಕಂಪನಿಯ ಮ್ಯಾನೇಜರ್ ರೂಮಿಗೆ ಬಂದು ಕುರ್ಚಿಯ ಧೂಳು ಕೊಡವಿ ಕೂತ. "ನೋಡಿ, ಎಲ್ಲ ಪತ್ರಿಕೆಗಳ ಅಂಕ ಕೂಡಿಸಿ ಸರಾಸರಿ ತೆಗೆಯೋ ಆ ವೆಬ್‌ಸೈಟ್ ಇದೆಯಲ್ಲ, ಅದರಲ್ಲಿ ನೂರಕ್ಕೆ ಎಪ್ಪತ್ತೈದು ಬಂದ್ರೆ ಮುಂದಿನ ಗೇಮೂ ನಿಮಗೇ. ಬರ್ಲಿಲ್ಲ ಅಂದ್ರೆ ಈ ರೂಮಿಗೆ ನಾನೇ ಬೀಗ ಹಾಕ್ಕೊಂಡು ಹೋಗ್ತೀನಿ" ಎಂದ, ನಗುತ್ತ. ನಗುತ್ತ ಹೇಳಿದ್ದರಿಂದ ಅದು ನಿಜವೆಂದು ಮೂವರಿಗೂ ಖಾತ್ರಿಯಾಯಿತು.

ಆ ವೆಬ್‌ಸೈಟಿನದ್ದೊಂದು ನಿಯಮ. ಒಂದು ಪತ್ರಿಕೆ ಮೊದಲು ಕೊಟ್ಟ ಅಂಕವನ್ನು ಮಾತ್ರ ಅದು ತೆಗೆದುಕೊಳ್ಳುತ್ತದೆ. ಆಮೇಲೆ ಬರೆದವನೇ ಹೋಗಿ ಕಾಲು ಹಿಡಿದರೂ ತಿದ್ದುವುದಿಲ್ಲ. ದೊಡ್ಡ ಪತ್ರಿಕೆಯ ಅಂಕಕ್ಕೆ ತೂಕವೂ ಹೆಚ್ಚು. ಮೊದಲ ವಿಮರ್ಶೆಗಳು ಬಂದವು: "ಚಿಕ್ಕದಾದರೂ ಚೊಕ್ಕ", "ಪ್ರಯಾಣದ ಸಂಗಾತಿ". ಸರಾಸರಿ ಎಪ್ಪತ್ತೇಳು. ಗುಂಡ ಮೇಜಿನ ಮೇಲೆ ತಾಳ ಹಾಕಿದ. ದೊಡ್ಡ ಪತ್ರಿಕೆಗಳಲ್ಲಿ ಉಳಿದದ್ದು ಒಂದೇ. ಗರಗಸನದು.

ಆ ಭಾನುವಾರ ಮಧ್ಯಾಹ್ನ ಅಮ್ಮನ ಮನೆಯಲ್ಲಿ ಊಟ. ಪುಟ್ಟ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು, ಬೆರಳು ನೆಕ್ಕುತ್ತ, "ನಾಳೆ ಬೆಳಗ್ಗೆ ಬರೋದು. ಓದ್ಲಾ?" ಎಂದ.

"ಓದೋ, ಓದೋ. ಯಾರ ಮಾನ ಕಳೀತಿದ್ದೀಯ ಈ ಸಲ?" ಅಮ್ಮನಿಗೆ ಆಟಗಳು ಅರ್ಥವಾಗುತ್ತಿರಲಿಲ್ಲ, ಮಗ ಬೈಯುವುದು ಅರ್ಥವಾಗುತ್ತಿತ್ತು.

ಅವನು ಓದಿದ. "ಈ ಆಟದಲ್ಲಿ ನೀವು ಕತ್ತಿ ಬೀಸಿದರೆ ಶತ್ರು ಕೂಡಲೇ ಸಾಯುವುದಿಲ್ಲ. ಸಾಯಲೋ ಬೇಡವೋ ಎಂದು ಮನೆಯವರನ್ನು ಕೇಳಿಕೊಂಡು ಬರುತ್ತಾನೆ." ಅಮ್ಮನಿಗೆ ನಗು ಉಕ್ಕಿತು. ಟೈಲರಕ್ಕ ಎತ್ತಿದ ತುತ್ತನ್ನು ತಟ್ಟೆಗಿಟ್ಟಳು. ಅದು ಯಾವ ಆಟವೆಂದು ಅವಳಿಗೆ ಗೊತ್ತಾಯಿತು.

"ನಾಯಕಿಯ ಕೆಂಪು ಶಾಲಿನ ಬಗ್ಗೆ ಹೇಳಲೇಬೇಕು. ಅದು ಹಾರುವುದಿಲ್ಲ. ಒಣಗಲು ಹಾಕಿ ಮರೆತ ಗೋಣಿಚೀಲದಂತೆ ಸೆಟೆದು ನಿಂತಿರುತ್ತದೆ. ಇದನ್ನು ಕತ್ತರಿಸಿ ಚಿಕ್ಕ ಕನ್ಸೋಲಿಗೆ ಇಳಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಅವರ ಕೈಗೆ ಸೌತೆಕಾಯಿ ಹೆಚ್ಚುವ ಚಾಕುವನ್ನೂ ಕೊಡಬೇಡಿ. ಹತ್ತಕ್ಕೆ ನಾಲ್ಕು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೋಣಿಚೀಲ! ಅಯ್ಯೋ, ಯಾವ ಮೂದೇವಿ ಹೊಲಿದಳೋ ಅದನ್ನ!"

ಟೈಲರಕ್ಕನೂ ನಕ್ಕಳು. ನಗದೆ ಕೂತರೆ ಕೇಳುತ್ತಿದ್ದರು. ನಗು ಮುಗಿದ ಮೇಲೆ ಕೈ ತೊಳೆದು ಬಂದು, ಸೋಫಾದ ಮೇಲೆ ಬಿದ್ದಿದ್ದ ಅವನ ಕನ್ಸೋಲನ್ನು ಎತ್ತಿಕೊಂಡಳು. ಆಟದ ಮೊದಲ ಪರದೆಯ ಮೂಲೆಯಲ್ಲಿ ಅಪ್‌ಡೇಟಿನ ಸಂಖ್ಯೆ ಇರುತ್ತದೆ. ಅವಳ ಕಣ್ಣು ಹೋದದ್ದೇ ಅಲ್ಲಿಗೆ. ಸೊನ್ನೆ. ಮೇಲ್ಗಡೆ ವಿಮಾನದ ಚಿಕ್ಕ ಚಿಹ್ನೆ: ನೆಟ್ ಆಫ್.

"ಪುಟ್ಟಾ, ನೆಟ್ ಯಾಕೆ ಆಫ್ ಮಾಡಿದ್ದೀಯ?"

"ಅದಾ? ಆನ್ ಇದ್ರೆ ನಾನು ಎಷ್ಟು ಹೊತ್ತು ಆಡ್ದೆ ಅಂತ ಕಂಪನಿಯವರಿಗೆ ಕಾಣಿಸುತ್ತೆ ಕಣೇ. ಇಂಥ ಗೇಮನ್ನ ಮೂರು ಗಂಟೆ ಆಡಿದ್ರೆ ಸಾಕು, ವಾಸನೆ ಗೊತ್ತಾಗುತ್ತೆ. ಪೂರ್ತಿ ಆಡೋದಕ್ಕೆ ನಂಗೇನು ಬೇರೆ ಕೆಲಸ ಇಲ್ವಾ?"

ಮೂರು ಗಂಟೆ. ಮೂವರು ಸೇರಿ ಎರಡು ಚಳಿಗಾಲ ದುಡಿದದ್ದನ್ನು ಅವನು ಮೂರು ಗಂಟೆ ಮೂಸಿ ನೋಡಿದ್ದ. ಅದೂ ಕಳ್ಳನಂತೆ, ಕದ ಹಾಕಿಕೊಂಡು. ಆಟದ ಜೊತೆ ಬಂದ ಚೀಟಿಯಲ್ಲಿ 'ಅಪ್‌ಡೇಟ್ ಹಾಕಿಕೊಂಡೇ ಆಡಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಚೀಟಿ ಓದಲು ಗರಗಸನಿಗೆ ಪುರುಸೊತ್ತಿರಲಿಲ್ಲ.

ಟೈಲರಕ್ಕ ಅಡುಗೆಮನೆಯತ್ತ ಒಮ್ಮೆ ನೋಡಿದಳು. ಅಮ್ಮ ಪಾತ್ರೆ ತೊಳೆಯುತ್ತಿದ್ದರು. ಹಾಕಿದ ಸಹಿ ನೆನಪಾಯಿತು. ಗುಂಡನ ತಾಳವೂ ನೆನಪಾಯಿತು. "ನೆಟ್ ಹಾಕು" ಎಂದಳು.

"ಯಾಕೆ?"

"ಹಾಕೋ ಅಂದೆ."

ಅಪ್‌ಡೇಟ್ ಇಳಿಯಿತು. ಆಮೇಲೆ ಅವನು ಆಡಿದ. ಹುಡುಗಿ ಓಡಿದಳು, ತಿರುಗಿದಳು, ಕತ್ತಿ ಎತ್ತಿದಳು. ಶಾಲು ಅವಳ ಹಿಂದೆ ನೀರಿನಂತೆ ಹರಿಯಿತು. ಮಣ್ಣಿನ ಸೈನಿಕರು ಯಾರನ್ನೂ ಕೇಳದೆ ಸತ್ತರು. ಪುಟ್ಟನ ಬಾಯಿ ಚೂರು ತೆರೆದುಕೊಂಡಿತ್ತು, ಚಿಕ್ಕಂದಿನಲ್ಲಿ ತೆರೆದುಕೊಳ್ಳುತ್ತಿದ್ದ ಹಾಗೇ. ಅವನು ತಲೆ ಎತ್ತಿ ಅಕ್ಕನ ಮುಖ ನೋಡಿದ.

"ನೀನಾ?"

ಅವಳು ತಲೆಯಾಡಿಸಿದಳು. "ಯಾರಿಗೂ ಹೇಳ್ಬೇಡ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಹೊಗಳು ಅಂತ ಕೇಳ್ತಾ ಇಲ್ಲ ಪುಟ್ಟ. ಸರಿಯಾಗಿ ನೋಡಿ ಬರಿ, ಅಷ್ಟೇ. ನೋಡಿದ ಮೇಲೂ ನಾಲ್ಕೇ ಅನ್ನಿಸಿದ್ರೆ ನಾಲ್ಕೇ ಹಾಕು."

"ಅಯ್ಯೋ, ನಾಲ್ಕೆಲ್ಲಿ ಬಂತು? ಎಂಟರ ಗೇಮ್ ಇದು. ಬದಲಾಯಿಸ್ತೀನಿ ಬಿಡಕ್ಕ. ತಲೆ ಕೆಡಿಸ್ಕೋಬೇಡ."

ಸೋಮವಾರ ಬೆಳಗ್ಗೆ ವಿಮರ್ಶೆ ಬಂತು. ಗೋಣಿಚೀಲ ಇತ್ತು. ಸೌತೆಕಾಯಿ ಇತ್ತು. ಹತ್ತಕ್ಕೆ ನಾಲ್ಕು. ಮಧ್ಯಾಹ್ನದ ಹೊತ್ತಿಗೆ ಗೋಣಿಚೀಲ ಹೊದ್ದ ಹುಡುಗಿಯ ಚಿತ್ರ ಮಾಡಿ ಜನ ಹಂಚಿಕೊಳ್ಳುತ್ತಿದ್ದರು. ಸರಾಸರಿ ಎಪ್ಪತ್ತೇಳರಿಂದ ಎಪ್ಪತ್ತಮೂರಕ್ಕೆ ಜಾರಿತು.

ಅವಳು ಹಾಸಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. "ಬದಲಾಯಿಸ್ತೀನಿ ಅಂದಿದ್ದೆಯಲ್ಲೋ."

"ಅಕ್ಕಾ, ಯೋಚನೆ ಮಾಡಿದೆ. ಅಕ್ಕ ಹೇಳಿದಳು ಅಂತ ಅಂಕ ತಿದ್ದಿದ್ರೆ ಅದು ಓದುಗರಿಗೆ ಮೋಸ ಅಲ್ವಾ? ನಂಗೂ ಒಂದು ಮನಸ್ಸಾಕ್ಷಿ ಅಂತ ಇರುತ್ತಲ್ಲ."

"ಮೂರು ಗಂಟೆ ಆಡಿದ್ದು ಮೋಸ ಅಲ್ವಾ?"

"ನೋಡು, ಇಡೀ ಲೇಖನ ನಿಂತಿರೋದೇ ಆ ಗೋಣಿಚೀಲದ ಮೇಲೆ. ಅದನ್ನ ತೆಗೆದ್ರೆ ಏನು ಉಳಿಯುತ್ತೆ ಹೇಳು? ಇನ್ನೊಂದು ಬರೀತೀನಿ. ಅಪ್‌ಡೇಟ್ ಆದ ಮೇಲೆ ಚೆನ್ನಾಗಿದೆ ಅಂತ. ಪ್ರಾಮಿಸ್."

"ಆ ವೆಬ್‌ಸೈಟು ಎರಡನೇ ಅಂಕ ತಗೊಳಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು" ಎಂದ.

ಇಂಥ ಮನಸ್ಸಾಕ್ಷಿಗಳು ಬಹಳ ಕಡೆ ಸಿಗುತ್ತವೆ. ಸತ್ಯ ಹೇಳಬೇಕಾದಾಗ ಅವಕ್ಕೆ ಜ್ವರ ಬರುತ್ತದೆ. ತನ್ನ ತಮಾಷೆ ಉಳಿಸಿಕೊಳ್ಳಬೇಕಾದಾಗ ಎದೆ ಸೆಟೆಸಿ ಎದ್ದು ನಿಲ್ಲುತ್ತವೆ.

ಅವನು ಮಾತಿಗೆ ತಪ್ಪಲಿಲ್ಲ. ಆ ವಾರವೇ ಇನ್ನೊಂದು ಬರೆದ. 'ನಾನು ಕೊಯ್ದದ್ದು ನನ್ನ ಅಕ್ಕನ ಕೈಯನ್ನು' ಎಂದು ತಲೆಬರಹ. ಅದರಲ್ಲಿ ಮೆಟ್ಟಿಲ ಕೆಳಗಿನ ಅಮ್ಮನ ಮೆಷಿನ್ ಇತ್ತು, ಹಳೆಯ ಕನ್ಸೋಲಿನೊಳಗೆ ಊದುವ ಅಕ್ಕ ಇದ್ದಳು, ಊಟದ ತಟ್ಟೆಯ ಮುಂದೆ ನಗುತ್ತ ನಗುತ್ತ ಒಳಗೇ ಅತ್ತ ಅಕ್ಕ ಇದ್ದಳು. ಅವಳ ಫೋಟೋ ಇತ್ತು, ರೂಮಿನ ಗುರುತಿತ್ತು. 'ಅಪ್‌ಡೇಟ್ ಬಂದ ಮೇಲೆ ಆಟ ಸುಧಾರಿಸಿದೆ' ಎಂಬುದು ಕೊನೆಯಲ್ಲಿ ಒಂದೇ ಸಾಲು. ಮೂರು ಗಂಟೆಯ ಮಾತು ಎಲ್ಲೂ ಇರಲಿಲ್ಲ. ಭಾನುವಾರದ ಊಟ ಸೋಮವಾರದ ವಿಮರ್ಶೆಯ ನಂತರ ನಡೆದಂತೆ ಓದುಗರಿಗೆ ತೋರುತ್ತಿತ್ತು. ಸುಳ್ಳು ಒಂದೂ ಇರಲಿಲ್ಲ. ಬಿಟ್ಟದ್ದಿತ್ತು, ಜಾಗ ಬದಲಾಯಿಸಿದ್ದಿತ್ತು.

ಜನ ಕಣ್ಣೀರು ಸುರಿಸಿದರು. ಗೋಣಿಚೀಲದ ಚಿತ್ರ ಹಂಚಿದವರೇ ಇದನ್ನೂ ಹಂಚಿದರು. 'ತಪ್ಪೊಪ್ಪಿಕೊಳ್ಳಲು ಎಂಥ ದೊಡ್ಡ ಮನಸ್ಸು ಬೇಕು' ಎಂದರು. ಗರಗಸನಿಗೂ ಹೃದಯವಿದೆಯೆಂದು ಕಂಡುಹಿಡಿದರು.

ಮ್ಯಾನೇಜರ್ ಬಂದ. ಈ ಸಲ ಕುರ್ಚಿಯ ಧೂಳು ಕೊಡವಲಿಲ್ಲ, ಕೂರಲೂ ಇಲ್ಲ. ಅಂಕ ಕಡಿಮೆ ಬಂದದ್ದಕ್ಕೆ ರೂಮು ಮುಚ್ಚಿತು. ಬಾಯಿ ಬಿಟ್ಟದ್ದಕ್ಕೆ ಅವಳ ಕೆಲಸ ಪ್ರತ್ಯೇಕವಾಗಿ ಹೋಯಿತು. ಇಂಥವಳನ್ನು ಇನ್ನು ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲವೆಂಬುದನ್ನೂ ಅವನು ಮರ್ಯಾದೆಯಾಗಿ ತಿಳಿಸಿದ. ಗುಂಡ ತನ್ನ ಮೌಸನ್ನು ತಂತಿ ಸುತ್ತಿ ಜೇಬಿಗೆ ಹಾಕಿಕೊಂಡ. "ನೀನು ಹೇಳದೆ ಇದ್ದಿದ್ರೂ ಮುಚ್ತಿತ್ತಕ್ಕ. ಆದ್ರೆ ಹೇಳ್ಬಿಟ್ಟೆಯಲ್ಲ, ಈಗ ನಾವೂ ನಿನ್ನ ಕಡೆಯವರು ಅಂತ ಆಯ್ತು" ಎಂದ. ಬೈದದ್ದೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಕಿವುಡ ಹೆಡ್‌ಫೋನ್ ಹಾಕಿಕೊಂಡೇ ಮೆಟ್ಟಿಲಿಳಿದ.

ಅಮ್ಮ ಮಾತ್ರ ಲೇಖನವನ್ನು ಪಕ್ಕದ ಮನೆಯವರಿಂದ ಎರಡು ಸಲ ಓದಿಸಿ ಕೇಳಿದರು. "ನಿನ್ನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾನಲ್ಲೇ! ಕೆಲಸದ್ದೇನು, ಇದಲ್ಲದಿದ್ರೆ ಇನ್ನೊಂದು. ಒಡಹುಟ್ಟಿದವರ ಪ್ರೀತಿ ಎಲ್ಲರಿಗೂ ಸಿಗುತ್ತಾ?"

ಕೆಲವು ದಿನ ಬಿಟ್ಟು ಪುಟ್ಟ ಬಂದ. ಅವನಿಗೀಗ ವಿಡಿಯೋ ಕಾರ್ಯಕ್ರಮ ಸಿಕ್ಕಿತ್ತು. ಅಕ್ಕ ಬಂದು ಪಕ್ಕದಲ್ಲಿ ಕೂರಬೇಕು, ಜನ ನೋಡಬೇಕೆನ್ನುತ್ತಿದ್ದಾರೆ ಎಂದ.

"ನಾನು ಬಂದ್ರೆ ಗುಂಡ, ಕಿವುಡ ಇಬ್ಬರ ನಿಜವಾದ ಹೆಸರು ಹೇಳ್ತೀನಿ. ಯಾರು ಏನು ಮಾಡಿದ್ರು ಅಂತ ಪೂರ್ತಿ ಹೇಳ್ತೀನಿ. ಕೆಲಸ ಕೊಡೋರು ಯಾರಾದ್ರೂ ಕೇಳಿಸ್ಕೊಳ್ಳಲಿ. ಒಪ್ಪಿದ್ರೆ ಬರ್ತೀನಿ."

"ಅಷ್ಟೇನಾ? ಆರಾಮಾಗಿ ಹೇಳು."

ಅಮ್ಮನ ಮನೆಯ ನಡುಮನೆಯಲ್ಲೇ ಲೈಟು ಹಚ್ಚಿ ಕ್ಯಾಮೆರಾ ಇಟ್ಟ. ಮುಂದಿನ ಮೇಜಿನ ಮೇಲೆ ಎರಡು ಲೋಟ ನೀರು. ಅವಳು ಹೇಳಿದಳು. ಗುಂಡನ ಹೆಸರು, ಅವನು ಬಿಡಿಸಿದ ಅಲೆಗಳು. ಕಿವುಡನ ಹೆಸರು, ಕತ್ತಿಗೂ ಮಣ್ಣಿಗೂ ನಡುವೆ ಅವನಿಟ್ಟ ಸದ್ದು. ಪುಟ್ಟ ಕೆನ್ನೆಗೆ ಕೈ ಕೊಟ್ಟು ಕೇಳಿದ. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ನನ್ನ ವಿಮರ್ಶೆ ಓದಿದಾಗ ನಿಂಗೆ ಏನನ್ನಿಸ್ತು?" ಎಂದ.

ಅವಳು ಅವನ ಮುಖವನ್ನೇ ನೋಡಿದಳು. "ನೀನು ಎಷ್ಟು ಹೊತ್ತು ಆಡಿದ್ದೆ ಪುಟ್ಟ?"

ಅವನ ನಗು ಹಾಗೇ ಅಂಟಿಕೊಂಡಿತ್ತು.

"ನೆಟ್ ಯಾಕೆ ಆಫ್ ಮಾಡಿದ್ದೆ, ಹೇಳು ಇವರಿಗೆ. ಭಾನುವಾರ ನಿಂಗೆ ಎಲ್ಲ ಗೊತ್ತಾಗಿತ್ತು. ಎಂಟರ ಗೇಮ್ ಅಂತ ನಿನ್ನ ಬಾಯಲ್ಲೇ ಬಂತು. ಸೋಮವಾರ ನಾಲ್ಕು ಯಾಕೆ ಹಾಕಿದೆ?"

"ನೀರು ಕುಡಿ ಅಕ್ಕ" ಎಂದ, ಮೆಲ್ಲಗೆ. ಅವಳು ಕುಡಿದಳು. ಕಣ್ಣು ತುಂಬಿಬಂದಿತ್ತು. ಒಳಗಿನಿಂದ ಅಮ್ಮ, "ಯಾಕೋ ಅಳಿಸ್ತೀಯ ಅವಳನ್ನ?" ಎಂದರು.

ವಿಡಿಯೋ ಬಂದ ದಿನ ಅಮ್ಮ ಹೊಲಿಗೆ ಮೆಷಿನ್ನಿನ ಮೇಲೆ ಫೋನನ್ನು ಆನಿಸಿಟ್ಟು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗುಂಡನ ಹೆಸರು ಬರಲಿಲ್ಲ. ಕಿವುಡನದ್ದೂ ಬರಲಿಲ್ಲ. "ಏನನ್ನಿಸ್ತು?" ಎಂದು ತಮ್ಮ ಕೇಳಿದ. ಅಕ್ಕ ಅವನ ಮುಖವನ್ನೇ ನೋಡಿದಳು, ಏನೂ ಹೇಳಲಿಲ್ಲ, ಅವಳ ಕಣ್ಣು ತುಂಬಿಬಂತು. ಹಿಂದಿನಿಂದ ಪಿಟೀಲು. ಕೆಳಗೆ ಜನ ಬರೆದಿದ್ದರು: ಮಾತೇ ಬೇಕಿಲ್ಲ, ಆ ಮೌನ ಸಾಕು, ಎಲ್ಲ ಕ್ಷಮಿಸಿಬಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ.

ಟೈಲರಕ್ಕ ಅದನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದಳು. ಅವನು ಪ್ರಶ್ನೆ ಕೇಳುವಾಗ ಮೇಜಿನ ಮೇಲಿನ ಅವಳ ಲೋಟ ತುಂಬಿತ್ತು. ಅವಳ ಕಣ್ಣು ತುಂಬುವಾಗ ಲೋಟದಲ್ಲಿ ಅರ್ಧವೇ ನೀರು. ಕತ್ತರಿ ಆಡಿದ್ದು ಅಲ್ಲಿ. ಲಕ್ಷಾಂತರ ಜನ ನೋಡಿದ್ದರು, ಯಾರಿಗೂ ಕಂಡಿರಲಿಲ್ಲ.

"ಚೆನ್ನಾಗಿ ಮಾಡಿದ್ದಾನೆ ಅಲ್ವೇನೇ?" ಎಂದರು ಅಮ್ಮ.

"ಹೊಲಿಗೆ ಕಾಣಿಸ್ತಾ ಇಲ್ಲಮ್ಮ."

ಅಮ್ಮ ಹಿಗ್ಗಿಹೋದರು. ಮೆಷಿನ್ನಿನ ಮರದ ಹಲಗೆಯನ್ನು ಅಂಗೈಯಿಂದ ತಟ್ಟಿ, "ಮತ್ತೆ? ಯಾರ ಮಗ ಅವನು!" ಎಂದರು.